ಗೊಂಬೆಯೊಳಗಣ ಗೊಂಬೆ

ಕಂಪ್ಯೂಟರಿನಲ್ಲಿ ತಾವು ನೋಡುವ ಚಲನಚಿತ್ರದ ಫೈಲಿನಲ್ಲಿ ಚಿತ್ರ, ಧ್ವನಿ, ಸಬ್‌ಟೈಟಲ್ ಎಂಬ ಅಡಿಬರಹ ಮೂರೂ ಬೆರೆತುಹೋಗಿವೆಯೆಂದು ಭಾವಿಸಿರಬಹುದು. ಸಾಮಾನ್ಯವಾಗಿ ಹಾಗಲ್ಲ, ಒಂದೇ ಪೆಟ್ಟಿಗೆಯಲ್ಲಿ ಬೇರೆ ಬೇರೆ ಧಾರೆಗಳಾಗಿ ಅವು ಅಡಕವಾಗಿರುತ್ತವೆ. ಈ ಪೆಟ್ಟಿಗೆಗೂ ಒಂದು ಚರಿತ್ರೆಯುಂಟು.

1992ರಲ್ಲಿ ಮೈಕ್ರೋಸಾಫ್ಟಿನವರು ಎ.ವಿ.ಐ. ಎಂಬ ಪೆಟ್ಟಿಗೆಯನ್ನು ತಂದರು. ಅದರಲ್ಲಿ ಅಡಿಬರಹಕ್ಕೆ ಗೊತ್ತಾದ ಜಾಗವಿರಲಿಲ್ಲ. ಕಿವಿ ಕೇಳದವರಿಗೋ ಪರಭಾಷಿಕರಿಗೋ ಅದು ಬೇಕಾದರೆ ಪ್ರತ್ಯೇಕ ಫೈಲನ್ನು ಜೊತೆಗಿಡಬೇಕು. ಇಲ್ಲವೇ ಚಿತ್ರದ ಮೇಲೆಯೇ ಅಚ್ಚೊತ್ತಬೇಕು. ಅಚ್ಚೊತ್ತಲು ಚಿತ್ರವನ್ನು ಬಿಚ್ಚಿ ಮತ್ತೆ ಅಡಕಗೊಳಿಸಬೇಕಾದ್ದರಿಂದ ಅದು ಒಂದಿಷ್ಟು ಮಸುಕಾಗುತ್ತಿತ್ತು. ಒತ್ತಿದ ಅಕ್ಷರವನ್ನು ಮರಳಿ ತೆಗೆಯಲೂ ಬಾರದು. ಓಲೆಗರಿಯ ಲಿಪಿಕಾರನು ಟೀಕೆಯನ್ನು ಮೂಲಪದ್ಯದೊಳಗೇ ಸೇರಿಸಿ ನಮ್ಮಂಥ ಪಂಡಿತರಿಗೆ ತಂದಿಟ್ಟ ಫಜೀತಿಯೇ ಇದು!

2002ರ ಡಿಸೆಂಬರಿನಲ್ಲಿ ಎಂ.ಸಿ.ಎಫ್. ಎಂಬ ಯೋಜನೆಯಿಂದ ಕವಲೊಡೆದು ಮತ್ರೋಸ್ಕಾ ಎಂಬ ಹೊಸ ಪೆಟ್ಟಿಗೆ ಹುಟ್ಟಿತು. ಒಂದರೊಳಗೊಂದು ಕೂರುವ ರಷ್ಯದ ಮರದ ಗೊಂಬೆಗಳಿಂದ ಬಂದ ಹೆಸರು ಇದು. ಹಲವು ಭಾಷೆಗಳ ಧ್ವನಿ, ಅಡಿಬರಹಗಳಿಗೆಲ್ಲ ಇದರಲ್ಲಿ ಎಡೆಯಿದೆ. ಮೊರಿಟ್ಸ್ ಬುಂಕುಸ್ ಎಂಬವರು ರಚಿಸಿದ ಎಂ.ಕೆ.ವಿ.ಟೂಲ್‌ನಿಕ್ಸ್ ಎಂಬ ಉಚಿತ ಸಾಧನವು ಧಾರೆಗಳನ್ನು ಬಿಚ್ಚದೆ, ಇದ್ದಂತೆಯೇ ಎತ್ತಿ ಹೊಸ ಪೆಟ್ಟಿಗೆಯಲ್ಲಿರಿಸುತ್ತದೆ. ಬೇಡದ ಧ್ವನಿಯನ್ನು ಕೈಬಿಡುತ್ತದೆ. ಭಾಷೆಯ ಹೆಸರು ತಪ್ಪಾಗಿದ್ದರೆ ಆ ಚೀಟಿಯನ್ನಷ್ಟೇ ತಿದ್ದಿದರಾಯಿತು. ಕಿವಿ ಮಂದವಾದ ಹಿರಿಯರಿಗಾಗಿ ತಾವೇ ಕನ್ನಡ ಅಡಿಬರಹ ಬರೆದು ಸೇರಿಸಿದರೂ ಚಿತ್ರದ ಗುಣ ಕಿಂಚಿತ್ತೂ ಕುಂದದು. ಬೇಡವೆನಿಸಿದಾಗ ಅಕ್ಷರವನ್ನು ಮರೆಮಾಡಲೂಬಹುದು.

ಈ ಪೆಟ್ಟಿಗೆಯ ಲಕ್ಷಣವು 2024ರ ಅಕ್ಟೋಬರಿನಲ್ಲಿ ಅಂತರಜಾಲದ ನಿಯಮಾವಳಿಗಳ ಸಾಲಿನಲ್ಲಿ 9559ನೆಯ ಪತ್ರವಾಗಿ ಪ್ರಕಟವಾಯಿತು.