ಸೇನೆಯಲ್ಲಿ ಅಮಲು ತಪಾಸಣೆ: ನಡೆದುಬಂದ ದಾರಿ

ಅಮಲೇರಿ ಸಿಕ್ಕಿಬಿದ್ದ ಸೈನಿಕನನ್ನು ದಂಡಿಸುವುದು ಹಳೆಯ ಪದ್ಧತಿ. ಯಾವ ಅನುಮಾನವೂ ಇಲ್ಲದವನನ್ನು ಚೀಟಿ ಎತ್ತಿದಂತೆ ಆರಿಸಿ ಮೂತ್ರ ಪರೀಕ್ಷೆಗೆ ಕರೆಯುವುದು ಕಳೆದ ಅರ್ಧ ಶತಮಾನದಲ್ಲಿ ಬಂದದ್ದು. ಅಮಲು ಪದಾರ್ಥಗಳ ಮೇಲಿನ ಹತೋಟಿಗೆ ಮೈಸೂರು ಸೀಮೆಯಲ್ಲೂ ಹಳೆಯ ಉದಾಹರಣೆ ಇದೆ. ಚೀಟಿಯ ಪದ್ಧತಿ ರೂಪುಗೊಂಡದ್ದು ಅಮೆರಿಕದ ಸೇನೆಯಲ್ಲಿ.

ಮೈಸೂರನ್ನು ಆಳುತ್ತಿದ್ದ ಟಿಪ್ಪು ಮದ್ಯದ ತಯಾರಿಕೆ, ಮಾರಾಟಗಳಿಗೆ ತಡೆ ಹಾಕಿದ. 1787ರಲ್ಲಿ ತನ್ನ ಅಧಿಕಾರಿ ಮೀರ್ ಸಾದಿಕನಿಗೆ ಬರೆದ ಪತ್ರದಲ್ಲಿ ಪೂರ್ಣ ಪಾನನಿಷೇಧವನ್ನೇ ಬಯಸಿದ. ಆಗ ಅಂಕೆ ಇದ್ದುದು ಪದಾರ್ಥದ ಮೇಲೆ. ಸಿಪಾಯಿಯ ಮೈಯಲ್ಲಿ ಏನು ಸೇರಿದೆ ಎಂದು ಅಳೆದು ನೋಡುವ ಉಪಾಯ ಯಾರ ಬಳಿಯೂ ಇರಲಿಲ್ಲ.

ಬ್ರಿಟಿಷರ ಕಾಲದಲ್ಲಿ 1893–94ರ ಗಾಂಜಾ-ಭಂಗಿ ಆಯೋಗ ದೇಶೀ ಪಲ್ಟನ್‌ಗಳಿಂದಲೂ ಉತ್ತರಗಳನ್ನು ತರಿಸಿಕೊಂಡಿತು; ಅವು ಪ್ರತ್ಯೇಕ ಸಂಪುಟವಾಗಿ ಅಚ್ಚಾದವು. ಮಿತಬಳಕೆಯಿಂದ ಹೇಳಿಕೊಳ್ಳುವಂಥ ಹಾನಿಯಿಲ್ಲ ಎಂಬುದು ಆಯೋಗದ ಒಟ್ಟು ಅಭಿಪ್ರಾಯ. ಸ್ವತಂತ್ರ ಭಾರತದ 1950ರ ಸೇನಾ ಕಾಯ್ದೆಯ 48ನೇ ಕಲಮು ಕೂಡ ಅಮಲಿನ ಸ್ಥಿತಿಯಲ್ಲಿ ಕಂಡುಬಂದವನಿಗೆ, ಕರ್ತವ್ಯದಲ್ಲಿರಲಿ ಇಲ್ಲದಿರಲಿ, ಶಿಕ್ಷೆ ವಿಧಿಸುತ್ತದೆ. ಅಲ್ಲಿಯೂ ಅಪರಾಧ ಎನಿಸುವುದು ಕಂಡುಬಂದ ಸ್ಥಿತಿಯೇ.

ಅಮೆರಿಕದ ಸೇನೆಯಲ್ಲಿ ವಿಯೆಟ್ನಾಂ ಯುದ್ಧ ಈ ಕ್ರಮವನ್ನು ಬದಲಿಸಿತು. ಹೆರಾಯಿನ್ ಚಟ ಹತ್ತಿದ ಸೈನಿಕರು ಊರಿಗೆ ಮರಳುತ್ತಿದ್ದಾರೆಂಬ ಆತಂಕದಿಂದ, 1971ರ ಜೂನ್‌ನಲ್ಲಿ, ತಾಯ್ನಾಡಿಗೆ ಹೊರಟವರೆಲ್ಲರ ಮೂತ್ರ ಪರೀಕ್ಷೆ ಆರಂಭವಾಯಿತು. ಸಿಕ್ಕಿಬಿದ್ದವರಿಗೆ ಆಗ ಚಿಕಿತ್ಸೆ ಕೊಡುತ್ತಿದ್ದರೇ ಹೊರತು ಶಿಕ್ಷೆಯಲ್ಲ. ಹತ್ತು ವರ್ಷಗಳ ಮೇಲೆ, 1981ರ ಮೇ 26ರ ರಾತ್ರಿ, ನಿಮಿಟ್ಸ್ ಎಂಬ ವಿಮಾನವಾಹಕ ಹಡಗಿನ ಮೇಲೆ ಇಳಿಯುತ್ತಿದ್ದ ವಿಮಾನ ಅಪಘಾತಕ್ಕೀಡಾಗಿ 14 ಮಂದಿ ಸತ್ತರು. ಸತ್ತ ಕೆಲವರ ದೇಹದಲ್ಲಿ ಗಾಂಜಾದ ಅಂಶ ಸಿಕ್ಕಿತು. ಅದೇ ವರ್ಷಾಂತ್ಯದಲ್ಲಿ ರಕ್ಷಣಾ ಇಲಾಖೆ ಪರೀಕ್ಷೆಯ ಫಲಿತಾಂಶವನ್ನು ಶಿಸ್ತುಕ್ರಮಕ್ಕೆ ಬಳಸಲು ಒಪ್ಪಿಗೆ ಕೊಟ್ಟಿತು. ಹಿಂದಿನ 30 ದಿನಗಳಲ್ಲಿ ಮಾದಕ ವಸ್ತು ಬಳಸಿದ್ದಾಗಿ ಸಮೀಕ್ಷೆಯಲ್ಲಿ ಹೇಳಿಕೊಂಡವರ ಪ್ರಮಾಣ 1980ರಲ್ಲಿ ಶೇ 27.6 ಇದ್ದದ್ದು 1998ಕ್ಕೆ ಶೇ 2.7ಕ್ಕೆ ಇಳಿಯಿತು.

ಆದರೆ ನೌಕರಿಯನ್ನೇ ಕಳೆಯಬಲ್ಲ ಪರೀಕ್ಷೆಯಲ್ಲಿ ಸಣ್ಣ ಲೋಪವೂ ದೊಡ್ಡದು. 1982–83ರ ಸಾವಿರಾರು ಪರೀಕ್ಷೆಗಳನ್ನು ನಡೆಸಿದ ರೀತಿ, ಬರೆದಿಟ್ಟ ದಾಖಲೆ ಸರಿಯಿಲ್ಲವೆಂದು 1984ರಲ್ಲಿ ಅಮೆರಿಕದ ಭೂಸೇನೆಯೇ ಒಪ್ಪಬೇಕಾಯಿತು. ಬಳಿಕ ಕಟ್ಟುಪಾಡು ಬಿಗಿಯಾಯಿತು. ಸೈನಿಕ ಬಾಟಲಿ ತುಂಬುವಾಗ ಸಾಕ್ಷಿಯೊಬ್ಬ ಕಣ್ಣೆದುರೇ ನಿಂತಿರುತ್ತಾನೆ. ಗುರುತಿನ ಚೀಟಿ ಅಂಟಿಸಿ, ಸಹಿ ಹಾಕಿಸಿ, ಮೊಹರು ಮಾಡಿದ ಬಾಟಲಿ ಯಾರ ಕೈಯಿಂದ ಯಾರ ಕೈಗೆ ಹೋಯಿತೆಂಬುದನ್ನು ಪ್ರತಿ ಹಂತದಲ್ಲೂ ಬರೆದಿಡುತ್ತಾರೆ. ಮೊದಲ ಪರೀಕ್ಷೆಯಲ್ಲಿ ಅನುಮಾನ ಬಂದರೆ ಇನ್ನೂ ಸೂಕ್ಷ್ಮವಾದ ಎರಡನೆಯ ಪರೀಕ್ಷೆ ನಡೆಯಬೇಕು. ಗಾಂಜಾದ ಮಟ್ಟಿಗೆ ಅಲ್ಲಿ ಗಡಿ ಒಂದು ಮಿಲಿಲೀಟರಿಗೆ 15 ನ್ಯಾನೊಗ್ರಾಂ. ಗಸಗಸೆಯಿಂದಲೂ ತೊಡಕಾಗಬಹುದು: ಕೆಲವು ಗಸಗಸೆಯಲ್ಲಿ ಕೊಡೀನ್ ಅಂಶ ಹೆಚ್ಚಿರುತ್ತದೆಂದು 2023ರ ಫೆಬ್ರವರಿಯಲ್ಲಿ ಅದೇ ರಕ್ಷಣಾ ಇಲಾಖೆ ಸೈನಿಕರಿಗೆ ಅದನ್ನು ತಿನ್ನದಿರುವಂತೆ ಸೂಚಿಸಿತು.

ಚೀಟಿ ಎತ್ತಿದಂತೆ ಆರಿಸುವಾಗ ಮತ್ತೆ ಮತ್ತೆ ಒಬ್ಬನ ಹೆಸರೇ ಬಂದರೆ ‘ನನ್ನನ್ನೇ ಗುರಿ ಮಾಡಿದ್ದಾರೆ’ ಎಂದು ಅನಿಸುವುದು ಸಹಜ. ಲೆಕ್ಕ ಬೇರೆ ಹೇಳುತ್ತದೆ. 1,000 ಮಂದಿಯ ತುಕಡಿಯಲ್ಲಿ ತಿಂಗಳಿಗೆ 100 ಜನರನ್ನು ಚೀಟಿಯಿಂದ ಆರಿಸಿ, ಪ್ರತಿ ತಿಂಗಳೂ ಎಲ್ಲ ಹೆಸರುಗಳನ್ನೂ ಪಟ್ಟಿಗೆ ಮರಳಿ ಸೇರಿಸುತ್ತಾರೆ ಎಂದುಕೊಳ್ಳಬಹುದು. ವರ್ಷ ಮುಗಿಯುವಾಗ ಸುಮಾರು 282 ಜನರನ್ನು ಒಮ್ಮೆಯೂ ಕರೆದಿರುವುದಿಲ್ಲ. ಸುಮಾರು 111 ಜನರಿಗೆ ಮೂರು ಅಥವಾ ಅದಕ್ಕಿಂತ ಹೆಚ್ಚು ಸಲ ಕರೆ ಬಂದಿರುತ್ತದೆ. ಒಮ್ಮೆ ಬಂದ ಹೆಸರನ್ನು ಪಟ್ಟಿಯಿಂದ ತೆಗೆದರೆ ಈ ಅಸಮತೆ ತಪ್ಪುತ್ತದೆ. ಆದರೆ ಪರೀಕ್ಷೆ ಮುಗಿಸಿದವನು ವರ್ಷವಿಡೀ ನಿಶ್ಚಿಂತೆಯಿಂದ ಇರುತ್ತಾನೆ. ತಪಾಸಣೆಯ ಉದ್ದೇಶವೇ ಕೆಡುತ್ತದೆ. ಹಾಗೆಂದು ಎಲ್ಲ ದೂರೂ ಹುಸಿಯೆನ್ನಲಾಗದು. ಹೆಸರುಗಳನ್ನು ಯಂತ್ರ ಆರಿಸಿತೋ ಅಧಿಕಾರಿ ಆರಿಸಿದನೋ ಎಂಬುದರ ದಾಖಲೆ ಇದ್ದರಷ್ಟೇ ಚೀಟಿಯ ನ್ಯಾಯ ನಿಲ್ಲುತ್ತದೆ.

ಭಾರತದಲ್ಲಿ ಈ ಪದ್ಧತಿ ನಾಗರಿಕ ವಿಮಾನಯಾನಕ್ಕೂ ಬಂದಿದೆ. 2022ರ ಜನವರಿ 31ರಿಂದ ಜಾರಿಯಾದ ನಿಯಮದಂತೆ ವಿಮಾನ ಸಿಬ್ಬಂದಿ ಹಾಗೂ ವಾಯುಸಂಚಾರ ನಿಯಂತ್ರಕರಲ್ಲಿ ವರ್ಷಕ್ಕೆ ಕನಿಷ್ಠ ಶೇ 10 ಜನರನ್ನು ಮುನ್ಸೂಚನೆಯಿಲ್ಲದೆ ಪರೀಕ್ಷಿಸಬೇಕು. ಬೆಂಗಳೂರಿನಿಂದ ಹಾರುವ ಭಾರತೀಯ ವಿಮಾನ ಸಂಸ್ಥೆಗಳ ಸಿಬ್ಬಂದಿಗೂ ಇದೇ ನಿಯಮ. ಮೊದಲ ಸಲ ದೃಢಪಟ್ಟವರನ್ನು ವ್ಯಸನಮುಕ್ತಿ ಚಿಕಿತ್ಸೆಗೆ ಕಳಿಸಲಾಗುತ್ತದೆ. ಮತ್ತೆ ಸಿಕ್ಕಿಬಿದ್ದರೆ ಪರವಾನಗಿಗೇ ಕುತ್ತು.