ಲಂಬ ರೇಖೆಯ ಸಮೀಕರಣ: ಸೂತ್ರದ ಹಿಂದಿನ ಮರ್ಮ

ದತ್ತ ಸರಳರೇಖೆಯೊಂದನ್ನು 90 ಡಿಗ್ರಿ ಕೋನದಲ್ಲಿ ಛೇದಿಸುವ ಮತ್ತೊಂದು ರೇಖೆಯ ಸಮೀಕರಣವನ್ನು ಕಂಡುಹಿಡಿಯುವುದು ನಿರ್ದೇಶಾಂಕ ರೇಖಾಗಣಿತದ ಮೂಲಭೂತ ಸಮಸ್ಯೆಗಳಲ್ಲೊಂದು. ಪ್ರಥಮ ಪಿಯುಸಿ ಗಣಿತದಲ್ಲಿ ಸರಳರೇಖೆಗಳ ಅಧ್ಯಾಯದೊಂದಿಗೆ ಬರುವ ಈ ವಿಷಯವನ್ನು ಸೂತ್ರವಾಗಿ ಬಾಯಿಪಾಠ ಮಾಡುವುದು ಸುಲಭ. ಆದರೆ ಸೂತ್ರ ಎಲ್ಲಿಂದ ಬಂತು, ಎಲ್ಲಿ ಅನ್ವಯಿಸುವುದಿಲ್ಲ ಎಂಬುದನ್ನು ಅರಿಯದಿದ್ದರೆ ಒಂದೇ ಒಂದು ಚಿಹ್ನೆಯ ವ್ಯತ್ಯಾಸದಿಂದ ಇಡೀ ಲೆಕ್ಕ ತಪ್ಪಾಗುತ್ತದೆ.

ಇಳಿಜಾರಿನ ನಿಯಮ

ಬಲಕ್ಕೆ ಸಾಗಿದ ದೂರಕ್ಕೆ ರೇಖೆಯು ಎಷ್ಟು ಏರುತ್ತದೆ ಎಂಬ ಪ್ರಮಾಣವೇ ಇಳಿಜಾರು. ಬಲಕ್ಕೆ 4 ಮಾನ ಸಾಗಿದಾಗ 3 ಮಾನ ಏರುವ ರೇಖೆಯ ಇಳಿಜಾರು 3/4. ಈ ರೇಖೆಯನ್ನು ಅಪ್ರದಕ್ಷಿಣವಾಗಿ 90 ಡಿಗ್ರಿ ತಿರುಗಿಸಿದರೆ ಬಲಕ್ಕಿದ್ದ 4 ಮಾನ ಮೇಲಕ್ಕೂ, ಮೇಲಕ್ಕಿದ್ದ 3 ಮಾನ ಎಡಕ್ಕೂ ಹೊರಳುತ್ತವೆ. ಎಡಗಡೆ ಋಣ ದಿಕ್ಕಾದುದರಿಂದ ಹೊಸ ಇಳಿಜಾರು –4/3. ಭಿನ್ನರಾಶಿ ತಲೆಕೆಳಗಾಗುವುದೂ ಚಿಹ್ನೆ ಬದಲಾಗುವುದೂ ಈ ತಿರುಗುವಿಕೆಯಿಂದಲೇ. ಎರಡು ಇಳಿಜಾರುಗಳ ಗುಣಲಬ್ಧ –1 ಎಂಬ ಪ್ರಸಿದ್ಧ ನಿಯಮದ ಮೂಲವೂ ಇದೇ.

ನಿಯಮದ ಮಿತಿ

ಎಕ್ಸ್ = 5 ಎಂಬ ರೇಖೆ ವೈ ಅಕ್ಷಕ್ಕೆ ಸಮಾಂತರವಾಗಿದೆ. ಇಲ್ಲಿ ಬಲಕ್ಕೆ ಸಾಗುವ ದೂರ ಸೊನ್ನೆ. ಸೊನ್ನೆಯಿಂದ ಭಾಗಿಸಲಾಗದ ಕಾರಣ ಈ ರೇಖೆಗೆ ಇಳಿಜಾರೇ ಇಲ್ಲ. ಗುಣಲಬ್ಧದ ನಿಯಮ ಇಲ್ಲಿ ನಿರುಪಯುಕ್ತ. (2, 7) ಬಿಂದುವಿನ ಮೂಲಕ ಈ ರೇಖೆಗೆ ಎಳೆದ ಲಂಬದ ಸಮೀಕರಣ ವೈ = 7 ಎಂದು ನೇರವಾಗಿ ಬರೆಯಬೇಕು.

ಎಲ್ಲ ಸಂದರ್ಭಗಳಿಗೂ ಸಲ್ಲುವ ಮಾರ್ಗವೊಂದಿದೆ. ಸಮೀಕರಣದಲ್ಲಿ ಎಕ್ಸ್ ಮತ್ತು ವೈಗಳ ಸಹಗುಣಕಗಳನ್ನು ಅದಲುಬದಲು ಮಾಡಿ, ಅವುಗಳಲ್ಲಿ ಒಂದರ ಚಿಹ್ನೆಯನ್ನು ಮಾತ್ರ ಬದಲಿಸಬೇಕು. ನಂತರ ದತ್ತ ಬಿಂದುವಿನ ಬೆಲೆಗಳನ್ನು ಹಾಕಿ ಸ್ಥಿರಾಂಕವನ್ನು ಪಡೆಯಬೇಕು.

ಒಂದು ಉದಾಹರಣೆ

3ಎಕ್ಸ್ + 4ವೈ = 120 ಎಂಬುದು ನೇರವಾದ ಕಾಲುವೆಯ ಸಮೀಕರಣವೆಂದೂ, ಮೀಟರುಗಳಲ್ಲಿ (35, 35) ಎಂಬುದು ತೋಟದ ತೊಟ್ಟಿಯ ಸ್ಥಾನವೆಂದೂ ಭಾವಿಸೋಣ. ಕಾಲುವೆಯಿಂದ ತೊಟ್ಟಿಗೆ ಅತಿ ಕಡಿಮೆ ಉದ್ದದ ಪೈಪು ಎಲ್ಲಿ ಹಾಯಬೇಕು?

ಸಹಗುಣಕಗಳನ್ನು ಬದಲಿಸಿದಾಗ ಲಂಬದ ರೂಪ 4ಎಕ್ಸ್ – 3ವೈ ಎಂದಾಗುತ್ತದೆ. ಬಿಂದುವಿನ ಬೆಲೆ ಹಾಕಿದರೆ 140 – 105 = 35. ಆದ್ದರಿಂದ ಬೇಕಾದ ಸಮೀಕರಣ 4ಎಕ್ಸ್ – 3ವೈ = 35. ಎರಡೂ ಸಮೀಕರಣಗಳನ್ನು ಒಟ್ಟಿಗೆ ಬಿಡಿಸಿದರೆ ಲಂಬಪಾದ (20, 15) ದೊರೆಯುತ್ತದೆ. ಅಲ್ಲಿಂದ ತೊಟ್ಟಿಗೆ ಅಡ್ಡಲಾಗಿ 15, ಮೇಲ್ಮುಖವಾಗಿ 20 ಮೀಟರ್. ಪೈಥಾಗೊರಸ್ ಪ್ರಮೇಯದಂತೆ ಪೈಪಿನ ಉದ್ದ 25 ಮೀಟರ್. ಅದೇ ಕಾಲುವೆಯ ಮೇಲಿನ (40, 0) ಬಿಂದುವಿನಿಂದ ಪೈಪು ಎಳೆದರೆ ಸುಮಾರು 35.4 ಮೀಟರ್ ಬೇಕಾಗುತ್ತದೆ.

ಭೂಮಾಪನದಲ್ಲಿ ಲಂಬ

ಈ ತತ್ತ್ವ ಪರೀಕ್ಷೆಗಷ್ಟೇ ಸೀಮಿತವಲ್ಲ. ಸರಪಳಿ ಮೋಜಣಿಯಲ್ಲಿ ಆಧಾರ ರೇಖೆಯ ಉದ್ದಕ್ಕೂ ಸರಪಳಿ ಹಾಸಿ, ಕ್ರಾಸ್ ಸ್ಟಾಫ್ ಎಂಬ ಉಪಕರಣದ ನೆರವಿನಿಂದ ಹೊಲದ ಮೂಲೆಗಳಿಗೆ ಲಂಬ ದೂರವನ್ನು ಅಳೆಯುತ್ತಾರೆ. ಹೊಲವನ್ನು ತ್ರಿಭುಜ, ತ್ರಾಪಿಜ್ಯಗಳಾಗಿ ವಿಂಗಡಿಸಿ ವಿಸ್ತೀರ್ಣ ಲೆಕ್ಕ ಹಾಕುವುದು ಈ ಅಳತೆಗಳಿಂದಲೇ. 33 ಅಡಿ ಬಾಹುವಿನ ಚೌಕ, ಅಂದರೆ 1,089 ಚದರಡಿ, ಒಂದು ಗುಂಟೆ. 40 ಗುಂಟೆಗೆ ಒಂದು ಎಕರೆ.

ಲಂಬವೇ ಅತಿ ಕಡಿಮೆ ದೂರವಾದುದರಿಂದ, ಕೋನ ಎತ್ತ ವಾಲಿದರೂ ಅಳತೆ ಹೆಚ್ಚೇ ಬರುತ್ತದೆ. ಆಗ ನಕ್ಷೆಯಲ್ಲಿ ಮೂಲೆಯ ಜಾಗ ಬದಲಾಗುತ್ತದೆ, ವಿಸ್ತೀರ್ಣ ತಪ್ಪುತ್ತದೆ, ಬದುವಿನ ವ್ಯಾಜ್ಯಕ್ಕೆ ದಾರಿಯಾಗುತ್ತದೆ.

ವಿದ್ಯಾರ್ಥಿಗಳು ಉತ್ತರ ಬರೆದ ಬಳಿಕ ಎರಡು ಸಂಗತಿಗಳನ್ನು ಪರಿಶೀಲಿಸಿಕೊಳ್ಳುವುದು ಒಳಿತು: ದತ್ತ ಬಿಂದು ಹೊಸ ಸಮೀಕರಣಕ್ಕೆ ತಾಳೆಯಾಗುತ್ತದೆಯೇ ಮತ್ತು ಎರಡು ರೇಖೆಗಳ ಎಕ್ಸ್ ಸಹಗುಣಕಗಳ ಗುಣಲಬ್ಧ, ವೈ ಸಹಗುಣಕಗಳ ಗುಣಲಬ್ಧಗಳ ಮೊತ್ತ ಸೊನ್ನೆಯಾಗುತ್ತದೆಯೇ. ಮೇಲಿನ ಉದಾಹರಣೆಯಲ್ಲಿ 12 – 12 = 0.