ಅಮ್ಮನ ಸೀರೆಗೆ ಎರಡನೇ ಗಿರಾಕಿ

ಕೋಡಿಹಳ್ಳಿಯಿಂದ ಮಾತಾಡ್ತಿದ್ದೀನಿ. ಹಿಂದೆ ಕೋಳಿ ಕೂಗೋದು ಕೇಳಿಸಿದ್ರೆ ಸಹಿಸ್ಕೊಳ್ಳಿ.

ಹೋದ ಬೇಸಿಗೆಯಲ್ಲಿ ನಮ್ಮ ಬೋರ್‌ವೆಲ್ ಮೋಟಾರ್ ಸುಟ್ಟುಹೋಯ್ತು. ಹಿಪ್ಪುನೇರಳೆ ಒಣಗ್ತಿತ್ತು. ಅಮ್ಮ ಬೀರುವಿನಿಂದ ಮೈಸೂರು ಸಿಲ್ಕ್ ಸೀರೆ ತೆಗೆದು, "ಹಳೇ ಸೀರೆನ ಫೋನಲ್ಲಿ ಮಾರ್ತಾರಂತಲ್ಲ, ಇದನ್ನೂ ಹಾಕು ಮಗ" ಅಂದ್ರು. ಒಳ್ಳೆ ಬೆಳೆ ಬಂದ ವರ್ಷ ಗೂಡಿನ ದುಡ್ಡಲ್ಲೇ ತಗೊಂಡಿದ್ದ ಸೀರೆ. ಫೋಟೋ ಹಾಕಿದೆ. ಕೇಳಿದವರೆಲ್ಲರದ್ದೂ ಒಂದೇ ಪ್ರಶ್ನೆ: "ನಂಬರ್ ಇದೆಯಾ?"

ಆ ನಂಬರ್‌ ಕಥೆಗೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಮೈಸೂರು ಸೀಮೆಗೆ ರೇಷ್ಮೆ ಹುಳ ಬಂದದ್ದು ಟಿಪ್ಪು ಕಾಲದಲ್ಲಿ. 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಮೈಸೂರಿನಲ್ಲಿ ನೇಯ್ಗೆ ಕಾರ್ಖಾನೆ ಶುರು ಮಾಡಿಸಿದರು. 1980ರಲ್ಲಿ ಅದು ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ ಕೈಗೆ ಬಂತು. 2005ರಲ್ಲಿ ಜಿಐ ಮಾನ್ಯತೆಯೂ ಸಿಕ್ಕಿತು. ಹೆಸರು ದೊಡ್ಡದಾದಂತೆ ನಕಲಿಯೂ ಹೆಚ್ಚಿತು. ಅದಕ್ಕೇ ನಿಗಮ ಪ್ರತಿ ಸೀರೆಗೂ ಒಂದು ಸಂಖ್ಯೆಯನ್ನು ಕಸೂತಿ ಮಾಡಿಸುತ್ತದೆ.

ಮಜಾ ನೋಡಿ. ನಕಲಿ ತಡೆಯೋಕೆ ಹಾಕಿದ ಸಂಖ್ಯೆ ಇವತ್ತು ಹಳೇ ಸೀರೆ ಮಾರುವವರ ಬಂಡವಾಳ. ಎರಡನೇ ಮಾರಾಟದಲ್ಲಿ ನೇಯ್ದವರಿಗೆ ಒಂದು ಪೈಸೆಯೂ ಹೋಗಲ್ಲ, ಆದರೆ ಗಿರಾಕಿಯ ನಂಬಿಕೆ ಪೂರ್ತಿ ಅವರು ಹಾಕಿದ ಗುರುತಿನ ಮೇಲೇ ನಿಂತಿದೆ. ಹಾಗಂತ ನಿಗಮಕ್ಕೆ ಇದರಿಂದ ಹೊಡೆತ ಬಿದ್ದಿದೆ ಅಂತ ನನಗನ್ನಿಸಲ್ಲ. ಹೊಸ ಸೀರೆಗೆ ಜನ ಬೆಳಗಿನ ಜಾವವೇ ಬಂದು ಮಳಿಗೆ ಮುಂದೆ ಸಾಲು ನಿಲ್ತಾರೆ. ಮುಂದೆ ಮಾರಿದರೂ ದುಡ್ಡು ಬರುತ್ತೆ ಅನ್ನೋ ಧೈರ್ಯ ಕೊಳ್ಳುವವರಿಗಿದೆ.

ಪೆಟ್ಟು ಬೀಳೋದು ಖಾಸಗಿ ಮಗ್ಗದವರಿಗೆ. ಅವರೂ ಅಪ್ಪಟ ರೇಷ್ಮೆ ನೇಯ್ತಾರೆ. ಅಪ್ಪಟ ರೇಷ್ಮೆ ಗುರುತಿಸೋಕೆ ಅಂತ 2004ರಲ್ಲಿ ಕೇಂದ್ರ ರೇಷ್ಮೆ ಮಂಡಳಿ ಸಿಲ್ಕ್ ಮಾರ್ಕ್ ತಂತು. ಆದರೆ ಅದು ದಾರದಲ್ಲಿ ನೇತುಬಿಟ್ಟ ಚೀಟಿ. ಸೀರೆ ಉಡುವ ದಿನ ಕತ್ತರಿಸಿ ಬಿಸಾಕ್ತೀವಿ. ಹತ್ತು ವರ್ಷ ಆದಮೇಲೆ ಆ ಸೀರೆ ಫೋನಿನಲ್ಲಿ ಕಂಡರೆ ಸಾಕ್ಷಿಯೇ ಇಲ್ಲ, "ಪ್ಯೂರಾ?" ಅಂತ ಕೇಳಿ ಅರ್ಧ ಬೆಲೆ ಹೇಳ್ತಾರೆ. ಅವರ ಹೊಸ ಸೀರೆಯ ಬೆಲೆಗೇ ನಂಬರ್ ಇರೋ ಹಳೇದು ಸಿಗೋದಾದ್ರೆ, ಗಿರಾಕಿ ಯಾವ ಕಡೆ ಹೋಗ್ತಾರೆ? ನಾನು ಬಿ.ಕಾಂ. ಓದಿದವನು, ಈ ಲೆಕ್ಕ ಬಿಡೋಕಾಗಲ್ಲ. ಚೀಟಿಯ ಬದಲು ಸೆರಗಿನ ಮೂಲೆಯಲ್ಲೇ ಗುರುತು ನೇಯುವಂತಾಗಬೇಕು. ಖರ್ಚು ಮಗ್ಗದವರ ತಲೆಗೆ ಕಟ್ಟದೆ ಮಂಡಳಿಯೇ ಹೊತ್ತುಕೊಳ್ಳಲಿ.

ಹುಳ ಸಾಕುವ ನಮ್ಮ ಮಟ್ಟಿಗೆ ಮಾರಾಟ ಒಂದೇ ಸಲ, ಅದು ರಾಮನಗರದ ಹರಾಜಿನಲ್ಲಿ. ನಿಗಮ ಇಂಥ ಸರ್ಕಾರಿ ಮಾರುಕಟ್ಟೆಗಳಲ್ಲೇ ಗೂಡು ಕೊಂಡು ತಿ. ನರಸೀಪುರದಲ್ಲಿ ನೂಲು ತೆಗೆಸುತ್ತೆ. ಅಮ್ಮನ ಸೀರೆಯಲ್ಲಿ ನಮ್ಮದೇ ಗೂಡಿನ ಎಳೆ ಇದ್ದಿರಬಹುದು, ಯಾರಿಗೆ ಗೊತ್ತು.

ಸೀರೆ ಬೆಂಗಳೂರಿನವರೊಬ್ಬರ ಪಾಲಾಯ್ತು. ಪಾರ್ಸೆಲ್ ಮಾಡೋಕೆ ಮುಂಚೆ ಅಮ್ಮ ಸೆರಗು ಬಿಡಿಸಿ, ಆ ನಂಬರನ್ನ ಕ್ಯಾಲೆಂಡರ್ ಹಿಂದೆ ಬರೆದಿಟ್ಟುಕೊಂಡ್ರು. ಮೋಟಾರ್ ಈಗ ಓಡ್ತಿದೆ.